ತಿರುಪ್ಪೂರಿನಲ್ಲಿ ಹೆಣೆದ ರಕ್ತನಾಳ

ಪೋತ್ತನೂರು

ನಮ್ಮಮ್ಮನ ಲೆಕ್ಕದಲ್ಲಿ ಚಾಮರಾಜನಗರದಿಂದ ಆಚೆಗೆಲ್ಲ ಪರದೇಶ. ಎಂಬತ್ತರ ದಶಕದ ನಡುವಿನಲ್ಲಿ ನಾನು ಮೈಸೂರಿನಿಂದ ತಿರುಪ್ಪೂರಿಗೆ ಹೊರಟಾಗ, ಲಂಡನ್ನಿಗೆ ಕಳಿಸುವವಳ ಹಾಗೆ ಚಟ್ನಿಪುಡಿ, ತೊಕ್ಕು, ಹುರಿದ ಅವಲಕ್ಕಿ ಎಲ್ಲ ಕಟ್ಟಿಕೊಟ್ಟಿದ್ದಳು. ಆ ಚೀಲವನ್ನು ರೈಲಿನ ಸೀಟಿನಡಿಗೆ ತಳ್ಳಿದ್ದೆ. ಇನ್ನೊಂದು ಚೀಲವನ್ನು ಮಾತ್ರ ಮಗುವಿನ ಹಾಗೆ ತಬ್ಬಿಕೊಂಡು ಮಲಗಿದ್ದೆ. ಅದರಲ್ಲಿ ನಮ್ಮ ಪ್ರಯೋಗಾಲಯದ ಪಾಲಿಯೆಸ್ಟರ್ ನೂಲಿತ್ತು. ತಬ್ಬಿಕೊಂಡದ್ದರ ಫಲವೋ ಏನೋ, ಒಳ್ಳೆಯ ನಿದ್ದೆ ಬಂತು. ತಿರುಪ್ಪೂರು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಎಚ್ಚರವಾದಾಗ ಬೆಳಕಾಗಿತ್ತು. ರೈಲು ಪೋತ್ತನೂರಿನಲ್ಲಿ ನಿಂತಿತ್ತು. ನೀಲಿ ಅಂಗಿಯ ರೈಲ್ವೆ ಕೆಲಸಗಾರರು ಊಟದ ಡಬ್ಬಿ ಹಿಡಿದು ವರ್ಕ್‌ಶಾಪಿನ ಕಡೆಗೆ ಸಾಲಾಗಿ ಹೋಗುತ್ತಿದ್ದರು. ಗಾಬರಿಯಿಂದ ಇಳಿದು ಅವರಲ್ಲೊಬ್ಬರನ್ನು ತಡೆದು "ತಿರುಪ್ಪೂರ್?" ಎಂದೆ.

"ತಿರುಪ್ಪೂರಾ? ಅದು ಪೋಚ್ಚೇ ಅಮ್ಮಾ!" ಎಂದು ಆತ ರೈಲು ಬಂದ ದಿಕ್ಕಿಗೆ ಕೈ ತೋರಿಸಿದರು. ತಿರುಪ್ಪೂರೇ ನನ್ನನ್ನು ಬಿಟ್ಟು ಎಲ್ಲಿಗೋ ಹೊರಟುಹೋಗಿದೆ ಎನ್ನುವ ಹಾಗಿತ್ತು ಆ ದನಿ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಮ್ಮ ಕಡೆಯಾಗಿದ್ದರೆ ಯಾಕೆ ಮಲಗಿದಿರಿ, ಜೊತೆಗೆ ಯಾರೂ ಬರಲಿಲ್ಲವೇ, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ವಿಚಾರಣೆ ನಡೆಯುತ್ತಿತ್ತು. ಇಲ್ಲಿ ಯಾರೂ ಏನೂ ಕೇಳಲಿಲ್ಲ. ಆತ ನನ್ನ ಅವಲಕ್ಕಿ ಚೀಲ ಎತ್ತಿಕೊಂಡು ಮುಂದೆ ನಡೆದರು, ನಾನು ಹಿಂದೆ ಓಡಿದೆ. ದಾರಿಯಲ್ಲಿ ಒಂದು ಲೋಟ ಟೀ ಕೊಡಿಸಿದರು. ಲೋಟದ ಅರ್ಧದಷ್ಟು ನೊರೆಯೇ ಇತ್ತು. ಆಮೇಲೆ ಬಸ್ಸಿಗೆ ಹತ್ತಿಸಿ, ಕಂಡಕ್ಟರನಿಗೆ ಏನೋ ಜೋರಾಗಿ ಹೇಳಿ, ಹಿಂತಿರುಗಿಯೂ ನೋಡದೆ ಕೆಲಸಕ್ಕೆ ಹೋಗಿಬಿಟ್ಟರು. ಆ ಕಂಡಕ್ಟರ್ ಕೊಯಮತ್ತೂರಿನಲ್ಲಿ ನನ್ನನ್ನು ಇನ್ನೊಬ್ಬ ಕಂಡಕ್ಟರನಿಗೆ ಒಪ್ಪಿಸಿದ. ಹೀಗೆ ಕೈಯಿಂದ ಕೈಗೆ ದಾಟುತ್ತ ನಾನು ತಿರುಪ್ಪೂರು ಮುಟ್ಟಿದೆ.

ಈ ಊರುಗಳ ಬಗ್ಗೆ ನಾನು ಇಷ್ಟು ಹಗುರಾಗಿ ಬರೆಯಬಲ್ಲೆ ಎಂದು ನನಗೇ ಆಶ್ಚರ್ಯ. ಅಲ್ಲಿಗೆ ಹೋದ ದಿನದ ನೆನಪು ಮಾತ್ರ ಹೀಗಿದೆ. ಆ ಬೆಳಗು, ಮುಂದೆ ಹೇಳಲಿರುವ ಶುಕ್ರವಾರಕ್ಕಿಂತ ಇನ್ನೂ ಮೊದಲಿನದು.

ತಿರುಪ್ಪೂರು

ನಾನು ಹೋದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಕೆಲವರ ಹೊಟ್ಟೆಯ ಕೆಳಗೋ ತೊಡೆಯಲ್ಲೋ ರಕ್ತನಾಳ ಕಟ್ಟಿಕೊಳ್ಳುತ್ತದೆ. ಕಾಲಿಗೆ ರಕ್ತ ಇಳಿಯುವುದಿಲ್ಲ. ಕಟ್ಟಿದ ಜಾಗವನ್ನು ಬಳಸಿಕೊಂಡು ಹೋಗುವ ಹಾಗೆ ಒಂದು ಬಟ್ಟೆಯ ಕೊಳವೆಯನ್ನು ಹೊಲಿದರೆ ರಕ್ತ ಮತ್ತೆ ಹರಿಯುತ್ತದೆ. ಬಟ್ಟೆ ಯಾವುದಾದರೂ ಆಗದು. ಬೇರೆ ವಸ್ತು ಒಳಗೆ ಬಂದರೆ ದೇಹ ಜಗಳಕ್ಕೆ ನಿಲ್ಲುತ್ತದೆ. ನೈಲಾನ್ ಒಳಗಿದ್ದು ಬಲ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಬಂದರೆ ಮಾತ್ರ ದೇಹ ಒಂದಿಷ್ಟು ಗೊಣಗಿ ಸುಮ್ಮನಾಗುತ್ತದೆ. ಹೆಣಿಗೆಯ ಸಂದಿಗಳಲ್ಲಿ ತನ್ನದೇ ಜೀವಕೋಶಗಳನ್ನು ಬೆಳೆಸಿ ಅದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಹೊರದೇಶದಲ್ಲಿ ಇಂಥ ಕೊಳವೆ ಬಳಕೆಯಲ್ಲಿತ್ತು. ನಮ್ಮಲ್ಲಿಗೆ ಬರುವುದು ಅಪರೂಪ, ಬಂದರೂ ಮದರಾಸಿನಂಥ ಊರಿಗೆ. ಅದನ್ನು ಇಲ್ಲೇ ಮಾಡಬೇಕೆಂದು ನಮ್ಮ ಪ್ರೊಫೆಸರರ ಹಟ. ನೂಲು ಸಿದ್ಧವಾಗಿತ್ತು. ಬೆರಳಿನಷ್ಟು ಸಣ್ಣ ಬಾಯಿಯ ಕೊಳವೆ ಹೆಣೆಯುವ ಮಿಷನ್ನು ಮಾತ್ರ ಇರಲಿಲ್ಲ.

ಮಿಷನ್ನು ಸಿಕ್ಕಿದ್ದು ರೋಗಿಯೊಬ್ಬರಿಂದ. ಕೊಯಮತ್ತೂರಿನ ಒಂದು ಆಸ್ಪತ್ರೆಯ ಸರ್ಜನ್, ನಮ್ಮ ಪ್ರೊಫೆಸರರ ಸ್ನೇಹಿತರು, ಕಾಲುನೋವಿನ ರೋಗಿಯೊಬ್ಬರಿಗೆ ಇಂಥದ್ದೊಂದು ಕೊಳವೆ ಇರುತ್ತದೆ ಎಂದು ವಿವರಿಸುತ್ತಿದ್ದರಂತೆ. ರೋಗಿ ಕೇಳಿಸಿಕೊಂಡು, "ಇದೇನು ಸಾರ್, ಇದು ನಮ್ಮ ಮ್ಯಾಂಟಲ್ ಅಲ್ಲವಾ?" ಎಂದರಂತೆ.

ಆ ರೋಗಿಯೇ ರಂಗಸಾಮಿ. ತಿರುಪ್ಪೂರಿನಲ್ಲಿ ಸಣ್ಣದೊಂದು ಬನಿಯನ್ ಘಟಕದ ಮಾಲೀಕರು. ಅವರ ತಂದೆ ಹಿಂದೆ ಪೆಟ್ರೋಮ್ಯಾಕ್ಸ್ ದೀಪದಲ್ಲಿ ಬೆಳಗುವ ಬಟ್ಟೆಯ ಚೀಲ, ಅಂದರೆ ಮ್ಯಾಂಟಲ್, ಹೆಣೆಯಲು ಕೈಯಿಂದ ತಿರುಗಿಸುವ ಪುಟ್ಟ ಮಿಷನ್ನೊಂದನ್ನು ತಂದಿದ್ದರು. ಊರಿಗೆ ಕರೆಂಟು ಬಂದಮೇಲೆ ಅದು ಮೂಲೆ ಸೇರಿತ್ತು.

ಮನೆಯ ಮುಂದೆ ನಿಂತು ನಾನು ಹರಕು ತಮಿಳಿನಲ್ಲಿ ಏನೋ ಶುರು ಮಾಡಿದಾಗ, ಒಳಗಿನಿಂದ ಬಂದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವ ಅಷ್ಟು ಕಷ್ಟ ಪಡ್ತೀಯ? ನಮ್ಮ ಮಾತಲ್ಲೇ ಆಡು," ಎಂದರು.

ರಂಗಸಾಮಿಯವರ ತಾಯಿ ಅವರು. ಕುನ್ನತ್ತೂರಿನ ಬೇಸಾಯದ ಮನೆಯ ಮಗಳು. ಎಷ್ಟೋ ತಲೆಮಾರಿನ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಕುಟುಂಬ. ಅವರು ಅದನ್ನು ಕನ್ನಡ ಎನ್ನುವುದಿಲ್ಲ, ‘ನಮ್ಮ ಮಾತು’ ಎನ್ನುತ್ತಾರೆ. ಅಡುಗೆಮನೆ, ಜಗಳ, ದೇವರು ಇವಕ್ಕೆ ನಮ್ಮ ಮಾತು. ಹೊಸ್ತಿಲು ದಾಟಿದರೆ ತಮಿಳು. ಓದು ಬರಹವೆಲ್ಲ ತಮಿಳೇ. ನನ್ನ ಕನ್ನಡ ಕೇಳಿ ರಂಗಸಾಮಿಯವರ ಹೆಂಡತಿ ಸರೋಜಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಅತ್ತೆ, ಈ ಅಮ್ಮಣಿ ರೇಡಿಯೋಲಿ ವಾರ್ತೆ ಓದ್ದಂಗೆ ಮಾತಾಡ್ತದೆ!"

"ಸುಮ್ಮನಿರು. ಓದಿದ ಮಗು," ಎಂದು ಅವ್ವ ಗದರಿದರು. ಆಮೇಲೆ ಅವರೇ ನನ್ನನ್ನು ಕರೆದು, "ಎಲ್ಲಿ, ಇನ್ನೊಂದು ಕಿತ ‘ದಯವಿಟ್ಟು’ ಅನ್ನು" ಎಂದು ಹೇಳಿಸಿ ಕೇಳಿ ನಕ್ಕರು.

ತಮಿಳರು ಎಲ್ಲದಕ್ಕೂ ಸಾಂಬಾರ್ ಹಾಕುತ್ತಾರೆ ಎಂದು ನಮ್ಮಮ್ಮ ಹೇಳಿದ್ದು ಊಟಕ್ಕೆ ಕೂತಾಗ ಸುಳ್ಳೆಂದು ಗೊತ್ತಾಯಿತು. ಸಾಂಬಾರಾದ ಮೇಲೆ ರಸಂ, ರಸಂ ಆದ ಮೇಲೆ ಮೊಸರು, ಮೂರಕ್ಕೂ ಬೇರೆ ಬೇರೆ ಅನ್ನದ ಗುಡ್ಡೆ. ಸಾಕು ಎಂದರೆ ಅವರಿಗೆ ಬೇಕು ಎಂದು ಕೇಳಿಸುತ್ತದೆ.

ರಂಗಸಾಮಿಯಣ್ಣ ನೂಲನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. ಐವತ್ತರ ಸುಮಾರಿನ, ದಪ್ಪ ಮೀಸೆಯ, ಮಾತಿನ ಮನುಷ್ಯ.

"ಟೆರಿಲೀನ್ ಶರ್ಟಿನ ನೂಲೇ ಅಲ್ವಾ ಅಮ್ಮಣಿ ಇದು?"

"ಹೌದು ಅಣ್ಣ. ಜಾತಿ ಒಂದೇ. ಇದು ತುಂಬ ಶುದ್ಧ."

"ಅಂದ್ರೆ ಮೇಲೆ ಆಕ್ಕೊಳ್ಳೋ ಶರ್ಟನ್ನ ಒಳಗೆ ಆಕ್ಕೊಳ್ಳೋದು. ಸರಿ ಬಿಡು. ಒಗೆಯೋ ಕಷ್ಟ ಇಲ್ಲ."

ಮೊದಲ ಎರಡು ದಿನ ನೂಲು ತುಂಡಾಗುತ್ತಲೇ ಇತ್ತು. ಪುಟ್ಟ ಮಿಷನ್ನಿನ ಸೂಜಿಗಳಿಗೆ ಬಿಡದೆ ಎಣ್ಣೆ ಹಾಕಬೇಕು. ಎಣ್ಣೆ ಹಾಕಿದರೆ ಹಾಲಿನಂಥ ನೂಲಿನ ಮೇಲೆ ಕಪ್ಪು ಗೀರು. ಅದು ಇದ್ದರೆ ಇರಲಿ, ನಮ್ಮಲ್ಲಿ ತೆಗೆಯುವ ಉಪಕರಣವಿದೆ, ಇದ್ದ ಹಾಗೇ ಕೊಟ್ಟುಬಿಡಿ ಎಂದು ನಾನು ಹೇಳಿದೆ. ಹೇಳುವಾಗ ಅವ್ವ ಅಲ್ಲೇ ಇದ್ದರು. ಅವರ ಮುಖ ನನಗೆ ನೆನಪಿದೆ. ಹಳಸಿದ ಅನ್ನವನ್ನು ನೆಂಟರಿಗೆ ಬಡಿಸಿ ಎಂದು ಹೇಳಿದ್ದರೆ ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು.

ಮೂರನೆಯ ದಿನ ಮಿಷನ್ನಿನ ಕೆಳಗಿನಿಂದ ಒಂದು ಬಿಳಿ ಕೊಳವೆ ಹಾವಿನ ಮರಿಯ ಹಾಗೆ ಇಳಿಯತೊಡಗಿತು. ರಂಗಸಾಮಿಯಣ್ಣ ಅದನ್ನು ತೋರುಬೆರಳಿಗೆ ಉಂಗುರದ ಹಾಗೆ ಏರಿಸಿಕೊಂಡು, ಆ ಬೆರಳನ್ನು ತನ್ನ ಎಡ ತೊಡೆಯ ಮೇಲಿಟ್ಟು ಅಳತೆ ನೋಡಿದರು.

ಕುನ್ನತ್ತೂರು

ಭಾನುವಾರ ಘಟಕಕ್ಕೆ ರಜೆ. ಅವ್ವ ತನ್ನ ತಮ್ಮನ ಹೊಲ ತೋರಿಸುತ್ತೇನೆಂದು ನಮ್ಮನ್ನು ಕುನ್ನತ್ತೂರಿಗೆ ಹೊರಡಿಸಿದರು. ಬಸ್ಸಿಳಿದು ತೋಟದವರೆಗೆ ನಡೆಯುವುದಿತ್ತು. ಕೆಂಪು ನೆಲ, ಮುಳ್ಳುಬೇಲಿ, ದೂರದೂರಕ್ಕೆ ತಾಳೆಮರ.

ಸ್ವಲ್ಪ ದೂರ ನಡೆದ ಮೇಲೆ ರಂಗಸಾಮಿಯಣ್ಣ ನಿಂತು ಒಂದು ಬಾವಿಯನ್ನು ತೋರಿಸಿದರು. ಅವರ ತಾತ ಅದರಲ್ಲಿ ಈಜು ಕಲಿತ ಕತೆ ಹೇಳಿದರು. ಮತ್ತೆ ಸ್ವಲ್ಪ ದೂರ ನಡೆದು ಯಾರದೋ ನೆಲಗಡಲೆ ಹೊಲದ ಮುಂದೆ ನಿಂತರು, ಬೆಳೆ ಹೇಗಿದೆ ಎಂದು ಬಗ್ಗಿ ನೋಡಿದರು. ಮತ್ತೆ ನಿಂತು ಒಂದು ಬೇವಿನ ಮರವನ್ನು ಹೊಗಳಿದರು. ಬೇವಿನ ಮರದಲ್ಲಿ ಹೊಗಳುವಂಥದ್ದು ಏನೂ ಇರಲಿಲ್ಲ. ಆಗ ನನಗೆ ಅರ್ಥವಾಯಿತು. ಈ ಕಾಯಿಲೆಯವರಿಗೆ ನಡೆದರೆ ಮೀನಖಂಡ ಹಿಂಡಿದ ಹಾಗೆ ನೋಯುತ್ತದೆ, ನಿಂತರೆ ನೋವು ಇಳಿಯುತ್ತದೆ. ಅವರು ನೋಡಲೆಂದು ನಿಲ್ಲುತ್ತಿರಲಿಲ್ಲ; ನಿಲ್ಲಲೆಂದು ನೋಡುತ್ತಿದ್ದರು.

ಅವ್ವ ಮುಂದೆ ಹೋಗುತ್ತಿದ್ದವರು ಪ್ರತಿಸಲವೂ ತಾವೂ ನಿಲ್ಲುತ್ತಿದ್ದರು. ಒಂದು ಸಲವೂ ತಿರುಗಿ ನೋಡಲಿಲ್ಲ.

ಮಗ ಒಬ್ಬರೇ ಹಿಂದೆ ಉಳಿದಾಗ ಅವ್ವ ನನ್ನ ಬಳಿ ಬಂದು ದನಿ ತಗ್ಗಿಸಿದರು. "ಬೀಡಿ ಬಿಟ್ಟುಬಿಟ್ಟ. ಸಕ್ಕರೆ ಕಾಯಿಲೆಗೆ ಮಾತ್ರೆ ತಿಂತಾನೆ. ಆದ್ರೂ ಆ ಡಾಕ್ಟರು ಏನಂದ್ರು ಗೊತ್ತಾ? ಇಂಗೇ ಓದ್ರೆ ಕಾಲು ಉಳಿಯಕಿಲ್ಲ ಅಂದ್ರು. ನೀನು ಬಂದೆ. ನಮ್ಮ ಮಿಷಿನಲ್ಲೇ ಆಯ್ತು. ನಮ್ಮ ಮಾತು ಆಡೋ ಅಮ್ಮಣಿ ಕೈಲೇ ಆಯ್ತು. ಇದು ಸುಮ್ಮನೆ ಬಂದದ್ದಾ?"

ನಾನು ನಿಧಾನವಾಗಿ ಹೇಳಿದೆ, ಆ ಮೊದಲೂ ಹೇಳಿದ್ದೆ. ಈ ಕೊಳವೆಗಳು ಆಡುಗಳಿಗೆ. ಆಡಿಗೆ ಹೊಲಿದು, ಕಟ್ಟುತ್ತದೆಯೋ ಸೋರುತ್ತದೆಯೋ ವರ್ಷಗಟ್ಟಲೆ ನೋಡಬೇಕು. ಅಣ್ಣನಿಗೆ ಇದನ್ನು ಹಾಕುವುದಿಲ್ಲ.

"ಆಡಿಗಾ? ಬಾ ನನ್ನ ಜತೆ."

ತಮ್ಮನ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗಟ್ಟಿಮುಟ್ಟಾದ ಒಂದು ಹೋತವನ್ನು ಕೊಂಬು ಹಿಡಿದು ಎಳೆದು ನನ್ನ ಮುಂದೆ ನಿಲ್ಲಿಸಿದರು. "ಇದನ್ನ ತಕ್ಕೊಂಡೋಗು. ಇದಕ್ಕೆ ಇವತ್ತೇ ಆಕು. ಮುಗೀತಲ್ಲ ಆಡಿಂದು. ನಾಳೆ ಅವನಿಗೆ ಆಕು."

ಅವರ ತಮ್ಮ "ಅಕ್ಕಾ, ಅದು ನನ್ನ ಆಡು!" ಎಂದು ಕೂಗಿಕೊಂಡರು. ಎಲ್ಲರೂ ನಕ್ಕೆವು. ಹಿಂದಿನಿಂದ ಬಂದು ತಲುಪಿದ ರಂಗಸಾಮಿಯಣ್ಣ ಎಲ್ಲರಿಗಿಂತ ಜೋರಾಗಿ ನಕ್ಕು, "ರೈಲಲ್ಲಿ ಟಿಕೆಟ್ ಯಾರ ಎಸರಲ್ಲಿ ತೆಗೆಸ್ತೀಯ ಅವ್ವಾ, ನಿನ್ನ ತಮ್ಮನ ಎಸರಲ್ಲಾ?" ಎಂದರು. ಅವ್ವ ನಗಲಿಲ್ಲ. ಕೊಂಬನ್ನೂ ಬಿಡಲಿಲ್ಲ.

ಶುಕ್ರವಾರ

ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಈಗಲೂ ಗೊತ್ತಾಗುವುದಿಲ್ಲ. ಮನಸ್ಸಿನಲ್ಲಿ ಅದು ದಿನಕ್ಕೊಂದು ಕಡೆಯಿಂದ ಶುರುವಾಗುತ್ತದೆ.

ಬನಿಯನ್ ಊರಿನ ಒಂದು ಪದ್ಧತಿ ಇದೆ. ಹೆಣೆದ ಬಟ್ಟೆಯ ಮೇಲೆ ಎಣ್ಣೆಯ ಕಲೆ ಕಂಡರೆ ಹೆಂಗಸರು ಪೆಟ್ರೋಲಿನಲ್ಲಿ ಅದ್ದಿದ ಚಿಂದಿಯಿಂದ ಉಜ್ಜುತ್ತಾರೆ. ಎಲ್ಲ ಘಟಕದಲ್ಲೂ ಒಂದು ಬಾಟಲಿ ಇರುತ್ತದೆ. ಆ ಬೀದಿಗೇ ಪೆಟ್ರೋಲಿನ ವಾಸನೆ; ಎರಡು ದಿನದಲ್ಲಿ ಮೂಗಿಗೆ ಅಭ್ಯಾಸವಾಗಿ ಅದು ಕಳೆದೇಹೋಗುತ್ತದೆ. ಕೊಳವೆಗಳನ್ನು ಕೊಳೆಯಾಗಿ ಕಳಿಸಲು ಅವ್ವನಿಗೆ ಮನಸ್ಸಿರಲಿಲ್ಲ. ಆ ದಿನ ನಾನು ಮತ್ತು ರಂಗಸಾಮಿಯಣ್ಣ ಮಿಷನ್ನಿನ ಮುಂದೆ ಕೂತಿದ್ದಾಗ, ನಮಗೆ ತಿಳಿಸದೆ ಅವ್ವ ಸರೋಜಕ್ಕನಿಗೆ ಹೇಳಿ ಅಷ್ಟನ್ನೂ ಒಂದು ಬೋಸಿಯಲ್ಲಿ ಪೆಟ್ರೋಲಿಗೆ ಅದ್ದಿಸಿ, ಹಿಂಡಿಸಿ ಇಟ್ಟರು. ಸರೋಜಕ್ಕ ದಿನಾ ಮಾಡುವ ಕೆಲಸ ಅದು. ಅದ್ದಿದ್ದನ್ನು ಆಮೇಲೆ ಬಂದು ಆರಲು ಹರವಿದರಾಯಿತು ಎಂದುಕೊಂಡು ದೀಪ ಹಚ್ಚಲು ಹೋದರು.

ಇನ್ನೊಂದು ಪದ್ಧತಿ ಮನೆಯದು. ಅದು ನಮ್ಮ ಮನೆಯಲ್ಲೂ ಇದೆ, ನಿಮ್ಮ ಮನೆಯಲ್ಲೂ ಇರಬಹುದು. ಹಸುಗೂಸಿನ ಬಟ್ಟೆಯನ್ನು ಸಾಂಬ್ರಾಣಿ ಹೊಗೆಗೆ ಹಿಡಿಯದೆ ಮೈಮೇಲೆ ಹಾಕುವುದಿಲ್ಲ. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬಿದಿರಿನ ಬುಟ್ಟಿಯನ್ನು ಕವುಚಿ, ಬುಟ್ಟಿಯ ಮೇಲೆ ಬಟ್ಟೆ ಹರಡುತ್ತಾರೆ. ಶುಕ್ರವಾರ ಸಂಜೆ ಹೇಗೂ ಆ ಮನೆಯಲ್ಲಿ ಹೊಗೆ ಹಾಕುತ್ತಿದ್ದರು, ಮಿಷನ್ನುಗಳಿಗೂ ಸೇರಿಸಿ. ಮೈಯೊಳಗೇ ಹೋಗುವ ಬಟ್ಟೆಗೆ ಹೊಗೆ ಬೇಡವೇ? ಹಿಂಡಿಟ್ಟದ್ದರಲ್ಲಿ ಪೆಟ್ರೋಲು ಆರಿಹೋಗಿದೆ ಎಂದೇ ಅವ್ವ ಎಣಿಸಿದ್ದರು.

ನಾನು ಕೈ ತೊಳೆದುಕೊಂಡು ಹಿಂದಿನ ಅಂಗಳದ ಬಾಗಿಲಿಗೆ ಬಂದೆ. ಅವ್ವ ಕುಕ್ಕುರುಗಾಲಿನಲ್ಲಿ ಕೂತು ಬುಟ್ಟಿ ಕವುಚುತ್ತಿದ್ದರು. ನಮ್ಮಜ್ಜಿ ನೆನಪಾದರು. ಹೇಳಬೇಕೆಂದರೆ ಆ ಕ್ಷಣ ನನಗೆ ತುಂಬ ಸುಖವಾಗಿತ್ತು. ಪರದೇಶದಲ್ಲಿ ಅಂಥದ್ದೊಂದು ವಾಸನೆ, ಅಂಥದ್ದೊಂದು ಬುಟ್ಟಿ. ಅವ್ವ ಬೋಸಿಯಿಂದ ಒಂದೊಂದೇ ಕೊಳವೆ ತೆಗೆದು, ಕೊಡವಿ, ಬುಟ್ಟಿಯ ಮೇಲೆ ಇಟ್ಟರು. ಏನನ್ನೋ ಗುನುಗುತ್ತಿದ್ದರು. ಆಮೇಲೆ ಕೆಂಡ ಮಂಕಾಯಿತೆಂದು ಬುಟ್ಟಿಯ ಅಂಚನ್ನು ಕೊಂಚ ಎತ್ತಿ ಊದಿದರು.

ಸದ್ದು ದೊಡ್ಡದಿರಲಿಲ್ಲ. ಯಾರೋ ಒದ್ದೆ ಕಂಬಳಿ ಕೊಡವಿದ ಹಾಗೆ. ಬುಟ್ಟಿ ಇದ್ದ ಜಾಗದಲ್ಲಿ ಬೆಂಕಿ ನಿಂತಿತ್ತು, ಅವ್ವನ ಎತ್ತರಕ್ಕೆ.

ಆಕೆ ಹಿಂದಕ್ಕೆ ಬಿದ್ದರು. ಬಿದ್ದವರು ಅಲ್ಲೇ ಇದ್ದಿದ್ದರೆ ಹುಬ್ಬು, ಮುಂಗೂದಲು ಸುಟ್ಟು ಮುಗಿಯುತ್ತಿತ್ತು. ಎದ್ದು ಬೆಂಕಿಗೆ ಕೈ ಹಾಕಿದರು. "ನನ್ನ ಮಗಂದು! ನನ್ನ ಮಗಂದು!" ಎನ್ನುತ್ತ ಉರಿಯುವ ಕೊಳವೆಗಳನ್ನು ಬಾಚಿ ಹಿಡಿದರು.

ಹತ್ತಿ ಸುಟ್ಟರೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗುತ್ತದೆ. ಕರಗಿ ಅಂಟುತ್ತದೆ, ಅಂಟಿದ ಮೇಲೂ ಸುಡುತ್ತಲೇ ಇರುತ್ತದೆ. ದೇಹಕ್ಕೆ ಒಗ್ಗುವ ವಸ್ತು ಎಂದು ನಾನು ಎಷ್ಟು ಕಡೆ ಹೇಳಿದ್ದೆ, ಎಷ್ಟು ಸಲ ಬರೆದಿದ್ದೆ. ಅದು ಅವ್ವನ ಅಂಗೈಯನ್ನು ಬಿಡದೆ ಹಿಡಿದುಕೊಂಡದ್ದನ್ನು ನಾನು ಎರಡು ಮಾರು ದೂರದಲ್ಲಿ ನಿಂತು ನೋಡಿದೆ.

ರಂಗಸಾಮಿಯಣ್ಣ ನನ್ನನ್ನು ದಾಟಿಕೊಂಡು ಓಡಿದರು. ಹೌದು, ಓಡಿದರು, ಬರಿಗಾಲಿನಲ್ಲಿ. ತಾಯಿಯ ಕೈಯಿಂದ ಬೆಂಕಿಯನ್ನು ತನ್ನ ಟವಲಿನಿಂದ ಅಮುಕಿದರು. ಸೀರೆಯ ಅಂಚಿನ ಹತ್ತಿರ ಬಿದ್ದ ಕೆಂಡ, ಉರಿಯುವ ಬುಟ್ಟಿಯ ಚೂರು, ಕರಗಿ ಹರಿಯುವ ಕೊಳವೆ, ಎಲ್ಲವನ್ನೂ ಎಡಗಾಲಿನಿಂದ ತುಳಿದರು, ಹೊಸಕಿದರು. ಸರೋಜಕ್ಕ ಕೊಡದ ನೀರು ತಂದು ಸುರಿದರು. ಮುಗಿಯಿತು.

ಹೊಗೆಯಲ್ಲಿ ಸಾಂಬ್ರಾಣಿಯ ಪರಿಮಳ ಇನ್ನೂ ಇತ್ತು.

ಆಸ್ಪತ್ರೆ

ಪಕ್ಕದ ಘಟಕದವರ ವ್ಯಾನಿನಲ್ಲಿ ಕೊಯಮತ್ತೂರಿಗೆ ಹೋದೆವು. ಅವ್ವನ ಕೈ ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಅವರು ನರಳಲಿಲ್ಲ. ಒಂದೇ ಪ್ರಶ್ನೆ ಕೇಳುತ್ತಿದ್ದರು. "ಒಂದಾದ್ರೂ ಉಳೀತಾ ಅಮ್ಮಣಿ? ಒಂದು?"

"ಉಳೀತು ಅವ್ವ," ಎಂದು ಸರೋಜಕ್ಕ ಸುಳ್ಳು ಹೇಳಿದರು. ಆಮೇಲೆ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಅತ್ತರು. "ನಾನು ಅರವಿ ಬರಬೇಕಿತ್ತು. ಆಮೇಲೆ ದೀಪ ಅಚ್ಚಬಹುದಿತ್ತು."

"ಲೇ, ಸುಮ್ಮನಿರು. ಯಾರೂ ಬೇಕಂತ ಮಾಡ್ಲಿಲ್ಲ," ಎಂದರು ರಂಗಸಾಮಿಯಣ್ಣ.

ನಮ್ಮ ಪ್ರೊಫೆಸರರ ಸ್ನೇಹಿತರಾದ ಅದೇ ಸರ್ಜನ್ ಅವ್ವನ ಕೈ ನೋಡಿದರು. ಅಂಟಿಕೊಂಡು ಗಟ್ಟಿಯಾದ ತುಣುಕುಗಳನ್ನು ಒಂದೊಂದಾಗಿ ಚಿಮಟದಲ್ಲಿ ತೆಗೆದು ತಟ್ಟೆಗೆ ಹಾಕಿದರು. ಹಾಕಿದಾಗೆಲ್ಲ ಕಲ್ಲು ಬಿದ್ದ ಹಾಗೆ ಸದ್ದಾಗುತ್ತಿತ್ತು. ನಾವೆಲ್ಲ ಆ ತಟ್ಟೆಯನ್ನೇ ನೋಡುತ್ತಿದ್ದೆವು. ಕೆಲಸ ಮುಗಿದ ಮೇಲೆ ಡಾಕ್ಟರು ಎದ್ದು ಕೈ ತೊಳೆಯುತ್ತ, ತಮಿಳಿನಲ್ಲಿ ಕೇಳಿದರು: "ನಿಮ್ಮ ಕಾಲು ಹೇಗಿದೆ ರಂಗಸಾಮಿ?"

"ನಲ್ಲಾ ಇರುಕ್ಕುಂಗ," ಎಂದರು ರಂಗಸಾಮಿಯಣ್ಣ. ಚೆನ್ನಾಗಿದೆಯಂತೆ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಯಾರೂ ಬಗ್ಗಿ ನೋಡಲಿಲ್ಲ. ಡಾಕ್ಟರಿಗೆ ಹೊರಗೆ ಬೇರೆ ರೋಗಿ ಕಾಯುತ್ತಿದ್ದರು. ನಮಗೆ ಅವ್ವನ ಕೈ.

ನಾನು ಎಷ್ಟೋ ಸಲ ಆ ಅಂಗಳಕ್ಕೆ ವಾಪಸು ಹೋಗಿದ್ದೇನೆ. ಕೆಮಿಸ್ಟ್ರಿ ಓದಿದವಳ ಬುದ್ಧಿ; ಯಾವುದು ಯಾವಾಗ ಆಯಿತೆಂದು ಕ್ರಮವಾಗಿ ಜೋಡಿಸುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಇಳಿದು ಬುಟ್ಟಿಯೊಳಗೆ ತುಂಬಿತು. ಅಂಚು ಎತ್ತಿದಾಗ ಗಾಳಿ ಸೇರಿತು. ಊದಿದಾಗ ಕೆಂಡ ಕೆಂಪಾಯಿತು. ಇಲ್ಲಿಯವರೆಗೆ ಎಲ್ಲ ಪುಸ್ತಕದಲ್ಲಿ ಇರುವ ಹಾಗೇ ಇದೆ. ಆಮೇಲೆ ಆ ಕಾಲು ಬರುತ್ತದೆ. ಕೆಂಡದ ಮೇಲೆ ಬೀಳುತ್ತದೆ, ಅಲ್ಲೇ ಒತ್ತುತ್ತದೆ, ತಿರುವುತ್ತದೆ. ಅವರ ಮುಖ ನೋಡುತ್ತೇನೆ. ಮುಖದಲ್ಲಿ ಕಾಲಿನ ಸುದ್ದಿಯೇ ಇಲ್ಲ. ಆಗ ಅದನ್ನು ಧೈರ್ಯವೆಂದುಕೊಂಡೆ. ಅದು ಧೈರ್ಯವೂ ಹೌದು. ಜೊತೆಗೆ ಅದು ನೋವನ್ನು ತಲುಪಿಸಲಾರದ ಕಾಲು. ನಡೆದರೆ ಮೀನಖಂಡ ನೋಯುತ್ತಿತ್ತು ನಿಜ; ರಕ್ತವಿಲ್ಲದ ಅಂಗಾಲು ಮಾತ್ರ ಸಕ್ಕರೆ ಕಾಯಿಲೆಗೆ ಸ್ಪರ್ಶವನ್ನೇ ಕಳೆದುಕೊಂಡಿತ್ತು. ಬಿಸಿ ಕಾವಲಿಗೆ ಬೆರಳು ತಾಗಿದರೆ ನಮ್ಮನ್ನು ಹಿಂದಕ್ಕೆ ಎಳೆಯುವುದು ಯಾವುದೋ, ಅದು ಅವರಿಗೆ ಇರಲಿಲ್ಲ.

ಈಗ ನನ್ನನ್ನು ಹೆದರಿಸುವುದು ಬೆಂಕಿಗಿಂತ ಅದೇ.

ಮತ್ತೆ ಪೋತ್ತನೂರು

ಅವ್ವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೊರಡುವ ದಿನ ರಂಗಸಾಮಿಯಣ್ಣ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. ಬೇಡವೆಂದರೂ ಕೇಳಲಿಲ್ಲ. "ನೀನು ಮಲಗಿಬಿಟ್ಟೆ ಅಂದ್ರೆ ಎಲ್ಲಿ ಇಳೀತೀಯೋ. ಅತ್ತಿಸಿದ್ದು ನಾನು ಅಂತಾದ್ರೂ ಇರಲಿ," ಎಂದರು. ಬಗಲಲ್ಲಿ ಕಾಗದದ ಪೊಟ್ಟಣವಿತ್ತು. ಉಳಿದಿದ್ದ ನೂಲಿನಲ್ಲಿ ಮತ್ತೆ ಹೆಣೆದಿದ್ದರು. ತಾಯಿ ಆಸ್ಪತ್ರೆಯಲ್ಲಿ, ಘಟಕ ಮುಚ್ಚಿತ್ತು, ಒಬ್ಬರೇ ಕೂತು ಹಿಡಿ ತಿರುಗಿಸಿದ್ದರು.

"ಎಣ್ಣೆ ಅಂಗೇ ಐತೆ. ಯಾರೂ ಮುಟ್ಟಿಲ್ಲ," ಎಂದು ಪೊಟ್ಟಣ ಕೊಟ್ಟರು.

ಪೊಟ್ಟಣವನ್ನು ಚೀಲಕ್ಕೆ ಸೇರಿಸುತ್ತ, "ನಾನು ಬರದೇ ಇದ್ದಿದ್ದರೆ ಅವ್ವನಿಗೆ ಹೀಗಾಗುತ್ತಿರಲಿಲ್ಲ ಅಣ್ಣ," ಎಂದೆ.

"ಬರದೇ ಇದ್ದಿದ್ರೆ ಅವ್ವ ಇಷ್ಟು ದಿನ ನಗ್ತಾ ಇರ್ತಿರಲಿಲ್ಲ. ನಿನ್ನ ‘ದಯವಿಟ್ಟು’ ಕೇಳಿ ಕೇಳಿ ಎಷ್ಟು ನಕ್ಕಳು ನೋಡು."

ಪ್ಲಾಟ್‌ಫಾರಂ ಮೇಲೆ ಅವರು ಒಂದು ಎಂಜಿನ್ನಿನ ಮುಂದೆ ನಿಂತು ಅದರ ಚಕ್ರ ನೋಡಿದರು. ಮತ್ತೆ ನೀರಿನ ತೊಟ್ಟಿಯ ಮುಂದೆ ನಿಂತರು. ನಾನೂ ನಿಂತೆ, ತಿರುಗಿ ನೋಡದೆ, ಅವ್ವ ನಿಲ್ಲುತ್ತಿದ್ದ ಹಾಗೆ.

ಮುಂದಿನ ಬೇಸಿಗೆ

ಮತ್ತೆ ಕೊಳವೆ ಬೇಕಾದಾಗ ಪ್ರೊಫೆಸರರು ಬೇರೆ ಯಾರನ್ನಾದರೂ ಕಳಿಸುತ್ತೇನೆಂದರು. ನಾನೇ ಹೋದೆ. ಈ ಸಲ ನಿದ್ದೆ ಮಾಡಲಿಲ್ಲ, ತಿರುಪ್ಪೂರಿನಲ್ಲೇ ಇಳಿದೆ. ರೈಲಿನಿಂದ ಹೆಗಲಿಗೆ ಗಂಟು ಏರಿಸಿಕೊಂಡು ಇಳಿದವರು ಎಷ್ಟೋ ಜನ, ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಬಂದವರು. ಊರು ಒಂದೇ ವರ್ಷದಲ್ಲಿ ಇನ್ನಷ್ಟು ಕಿಕ್ಕಿರಿದಿತ್ತು. ಬೀದಿಯಲ್ಲಿ ಪೆಟ್ರೋಲಿನ ವಾಸನೆ ಈ ಸಲ ನನ್ನ ಮೂಗಿನಿಂದ ಕಳೆಯಲೇ ಇಲ್ಲ.

ಡಾಕ್ಟರಿಂದ ಸುದ್ದಿ ಮೊದಲೇ ಗೊತ್ತಿತ್ತು. ಗೊತ್ತಿದ್ದರೂ ನೋಡುವುದು ಬೇರೆ.

ಅವ್ವನ ಕೈ ವಾಸಿಯಾಗಿತ್ತು. ಅಂಗೈ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಆದರೂ ಅದೇ ಕೈಯಲ್ಲಿ ನನಗೆ ಅನ್ನ ಬಡಿಸಿದರು. ಅಷ್ಟು ದೊಡ್ಡ ಗಾಯ ಮಾಯ್ದಿತ್ತು, ಏಕೆಂದರೆ ಅಲ್ಲಿಗೆ ರಕ್ತ ಹರಿಯುತ್ತಿತ್ತು. ರಂಗಸಾಮಿಯಣ್ಣನ ಹೆಬ್ಬೆರಳಿನ ಕೆಳಗೆ ಆಗಿದ್ದದ್ದು ಹುಣಸೆಬೀಜದಷ್ಟು ಗುಳ್ಳೆ. ಅವರು ಅದನ್ನು ನೋಡಿದ್ದೇ ಎಷ್ಟೋ ದಿನದ ಮೇಲೆ, ಚಪ್ಪಲಿಗೆ ಅಂಟಿದಾಗ. ಅರಿಸಿನ ಹಚ್ಚಿದರು. ಅದು ಒಣಗಲಿಲ್ಲ, ಕಪ್ಪಾಯಿತು. ಕಪ್ಪು ಮೇಲಕ್ಕೆ ಏರಿತು. ಮೊದಲು ಬೆರಳು ತೆಗೆದರು. ಆಮೇಲೆ ಮಂಡಿಯ ಕೆಳಗಿನವರೆಗೆ.

ಅವರು ಮಿಷನ್ನಿನ ಮುಂದೆ ಎತ್ತರದ ಮಣೆಯ ಮೇಲೆ ಕೂತಿದ್ದರು. ಎಡಗಡೆ ಪಂಚೆ ಮಡಚಿ ಸೊಂಟಕ್ಕೆ ಸಿಕ್ಕಿಸಿತ್ತು. ಮೀಸೆ ಹಾಗೇ ಇತ್ತು.

"ಬಾ ಅಮ್ಮಣಿ. ತಿರುಪ್ಪೂರಲ್ಲೇ ಇಳಿದ್ಯಾ? ಜಾಣೆ ಆಗಿಬಿಟ್ಟೆ." ನಾನು ನೂಲಿನ ಚೀಲ ಇಳಿಸುವ ಮೊದಲೇ ಕೇಳಿದರು: "ಆಡು ಎಂಗೈತೆ?"

ಎಣ್ಣೆಯ ಸಮೇತ ಕೊಟ್ಟಿದ್ದ ಆ ಕೊಳವೆಗಳನ್ನು ತೊಳೆದು, ಕುದಿಸಿ, ಬೆಂಗಳೂರಿನಲ್ಲಿ ಆಡುಗಳಿಗೆ ಹೊಲಿದಿದ್ದರು. ಒಂದು ಸತ್ತಿತ್ತು. ಇನ್ನೊಂದು ಬದುಕಿತ್ತು.

"ಒಂದು ಚೆನ್ನಾಗಿದೆ ಅಣ್ಣ. ಎದ್ದು ಓಡಾಡುತ್ತೆ, ಮೇಯುತ್ತೆ."

ಅವರು ತೊಡೆ ತಟ್ಟಿ ನಕ್ಕರು. "ಕೇಳಿದ್ಯಾ ಅವ್ವಾ? ನಮ್ಮ ಎಣಿಗೇಲಿ ಒಂದು ಆಡು ನಡೀತಾ ಐತಂತೆ! ಲೇ ಸರೋಜಾ, ಕೇಳಿದ್ಯಾ?" ನಗುವಿನಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅವ್ವ ಬಂದು ಮಗನ ಬಲಗಡೆ ನೆಲದ ಮೇಲೆ ಕೂತರು.

"ಆಡು ಆದಮೇಲೆ?"

"ಇನ್ನೂ ಕೆಲವು ಆಡು, ಅವ್ವ. ಅವೂ ಚೆನ್ನಾಗಿದ್ದರೆ ಆಮೇಲೆ ಮನುಷ್ಯರಿಗೆ."

ಅವರು ಆ ಹೊಳೆಯುವ ಅಂಗೈಯನ್ನು ರಂಗಸಾಮಿಯಣ್ಣನ ಬಲ ಮಂಡಿಯ ಮೇಲೆ ಇಟ್ಟರು. ಮಡಚದ ಬೆರಳುಗಳು ಮಂಡಿಯನ್ನು ಹಿಡಿಯಲಾರದೆ ಸುಮ್ಮನೆ ಅದರ ಮೇಲೆ ಕೂತವು.

"ಡಾಕ್ಟರು ಇದನ್ನೂ ನೋಡವ್ರೆ. ಇದರಲ್ಲೂ ರತ್ತ ಕಮ್ಮಿ ಅಂತಾರೆ. ಈಗ ಇವನು ನಡೆಯೋದೇ ಇಲ್ಲ, ನೋವು ಯಾವಾಗ ಬತ್ತದೆ, ಯಾವಾಗ ಓಗ್ತದೆ ಅಂತ ನನಗೆ ಗೊತ್ತಾಗಕಿಲ್ಲ." ನನ್ನ ಮುಖವನ್ನೇ ನೋಡಿದರು. "ಸೀಕ್ರ ಮಾಡು ಅಮ್ಮಣಿ. ಒಂದು ಓಯ್ತು, ಓಗ್ಲಿ. ಇನ್ನೊಂದು ಐತೆ."

"ಅವ್ವಾ, ಕೆಲಸ ಮಾಡೋಕೆ ಬಿಡು," ಎಂದು ರಂಗಸಾಮಿಯಣ್ಣ ನೂಲಿಗೆ ಕೈ ಚಾಚಿದರು.